ಲಸಿಕೆ ಪಟ್ಟಿ ಮುಗಿದ ಮೇಲೆ

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಮೀಟಿಂಗ್‌ನಲ್ಲಿ ಲಸಿಕೆ, ಗರ್ಭಿಣಿಯರ ಪಟ್ಟಿ ಮುಗಿದ ಮೇಲೆ ನಾನೊಂದು ಅಧ್ಯಯನದ ವಿಷಯ ಹೇಳುತ್ತೇನೆ. ಈ ಸಲ ಗೋವಾದ್ದು, 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಅಲ್ಲಿ ಮನೋವೈದ್ಯರಲ್ಲದ ಸ್ಥಳೀಯರು ತರಬೇತಿ ಪಡೆದು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿದರು. ಬಿಟ್ಟುಹೋದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಶುರು ಮಾಡಿಸಿದರು. ಮೂರು ತಿಂಗಳಲ್ಲಿ, ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಿಗಿಂತ ಇವರಲ್ಲಿ ಜಾಸ್ತಿ ಜನ ಚೇತರಿಸಿಕೊಂಡಿದ್ದರು.

"ಹಾಗಾದ್ರೆ ನಾವೂ ಮಾಡಬಹುದಲ್ವಾ ಮೇಡಂ?" ಎಂದರು ಒಬ್ಬ ಆಶಾ ಕಾರ್ಯಕರ್ತೆ. ಖಂಡಿತ ಮಾಡಬಹುದು. ಆದರೆ ಸರಿಯಾದ ತರಬೇತಿ ಬೇಕು, ಆಮೇಲೆ ನಾವು ಮಾತಾಡಿಸುವ ರೀತಿ ಕೇಳಿ ತಿದ್ದುವವರೂ ಬೇಕು. ಇದಕ್ಕೆ ಹಿಡಿಯುವ ಸಮಯಕ್ಕೂ ಹಣ ಕೊಡಬೇಕು. ಸುಮ್ನೆ ಕೈಗೆ ಇನ್ನೊಂದು ರಿಜಿಸ್ಟರ್ ಕೊಟ್ಟರೆ ಆಗುವುದಿಲ್ಲ. ಸದ್ಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಎಲ್ಲರ ಡೈರಿಯಲ್ಲೂ ಬರೆಸಿದ್ದೇನೆ.