ಬಿಟ್ಟಿ ಪೆನ್ ಡ್ರೈವಿಗೆ ಮೊಳ ಹಾಕುವುದು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಂಗಿಸುವುದಕ್ಕೆ ಬಳಸುತ್ತೇವೆ. ಪುಕ್ಕಟೆ ಬಂದದ್ದರ ಉದ್ದಗಲ ಅಳೆಯುವವನು ಸಣ್ಣ ಮನಸ್ಸಿನವನೆಂಬುದು ಅದರ ಇಂಗಿತ. ಆದರೆ ಸಮ್ಮೇಳನ, ವಸ್ತುಪ್ರದರ್ಶನ, ತರಬೇತಿ ಶಿಬಿರಗಳಲ್ಲಿ ಸಂಸ್ಥೆಗಳು ತಮ್ಮ ಲಾಂಛನ ಅಚ್ಚು ಹಾಕಿಸಿ ಹಂಚುವ ಪೆನ್ ಡ್ರೈವುಗಳ ವಿಷಯದಲ್ಲಿ ನಾನು ಮೊಳ ಹಾಕುವವರ ಪಕ್ಷಕ್ಕೆ ಸೇರಿದವನು. ಅವುಗಳ ಮೇಲಿರುವ ಹೆಸರು ಹಣ ಕೊಟ್ಟವರದೇ ಹೊರತು ತಯಾರಿಸಿದವರದಲ್ಲ. ಒಳಗಿನ ಚಿಪ್ ಯಾವುದು, ಎಷ್ಟನೆಯ ದರ್ಜೆಯದು ಎಂಬುದು ಬಹುಪಾಲು ಸಲ ಹಂಚಿದವರಿಗೂ ತಿಳಿದಿರುವುದಿಲ್ಲ.

ನನ್ನ ಮೇಜಿನ ಖಾನೆಯಲ್ಲಿ ಇಂಥ ಒಂಬತ್ತು ಡ್ರೈವುಗಳಿವೆ. ಒಂದು ಕೀಲಿಕೈಯ ಆಕಾರದ್ದು, ಒಂದು ಮರದ ಹೊದಿಕೆಯದು, ಇನ್ನೊಂದು ಎಟಿಎಂ ಕಾರ್ಡಿನಷ್ಟು ತೆಳ್ಳಗಿದ್ದು, ಮೂಲೆಯ ತುಂಡನ್ನು ಮಡಚಿ ಹೊರಗೆಳೆಯಬೇಕಾದದ್ದು. ಕೆಲವು ವರ್ಷಗಳ ಹಿಂದೆ ಇಂಥದೇ ಇನ್ನೊಂದಕ್ಕೆ, 32 ಜಿಬಿ ಎಂದು ಅಚ್ಚಾಗಿದ್ದ ಲೋಹದ ಡ್ರೈವಿಗೆ, ಮನೆಯ ಹಳೆಯ ಫೋಟೊಗಳನ್ನೂ ಸ್ಕ್ಯಾನ್ ಮಾಡಿದ ದಾಖಲೆಪತ್ರಗಳನ್ನೂ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾಗಿದ್ದ ಕಾರಣ ಕಾಪಿ ಮಾಡದೆ ಕಟ್ ಮಾಡಿ ಪೇಸ್ಟ್ ಮಾಡಿದೆ. ತಪ್ಪು ಅಲ್ಲಿಯೇ ಆಯಿತು. ಎಲ್ಲ ಕಡತಗಳೂ ಹೋದವು, ಯಾವ ದೋಷಸೂಚನೆಯೂ ಬರಲಿಲ್ಲ, ಫೋಲ್ಡರ್ ತೆರೆದರೆ ಹೆಸರು, ಗಾತ್ರ, ದಿನಾಂಕ ಎಲ್ಲವೂ ಇದ್ದ ಹಾಗೆಯೇ ಕಾಣುತ್ತಿದ್ದವು. ಮೂರು ತಿಂಗಳ ನಂತರ ಒಂದು ದಾಖಲೆ ಬೇಕಾಗಿ ತೆರೆದಾಗ ಕಡತ ಹಾಳಾಗಿದೆ ಎಂಬ ಉತ್ತರ ಬಂತು. ಪಕ್ಕದ್ದೂ ಅಷ್ಟೇ. ಫೋಟೊಗಳಲ್ಲಿ ಮೊದಲ ಒಂದು ಸಾವಿರದಷ್ಟು ಚೆನ್ನಾಗಿ ತೆರೆದುಕೊಂಡವು. ಒಂದು ಚಿತ್ರ ಅರ್ಧದವರೆಗೆ ಬಂದು ಕೆಳಗೆ ಬೂದು ಬಣ್ಣವಾಗಿತ್ತು. ಅದರ ನಂತರದ್ದೆಲ್ಲ ಬರಿಯ ಹೆಸರು.

ಆ ಡ್ರೈವಿನ ಒಳಗಿದ್ದ ನಿಜವಾದ ಜಾಗ ಸುಮಾರು 7 ಜಿಬಿ ಮಾತ್ರ. ಪೆನ್ ಡ್ರೈವಿನಲ್ಲಿ ಮಾಹಿತಿ ಕೂಡಿಡುವ ಚಿಪ್ ಬೇರೆ, ಅದನ್ನು ನಡೆಸುವ ಕಂಟ್ರೋಲರ್ ಬೇರೆ. ಎಷ್ಟು ಜಾಗವಿದೆ ಎಂದು ಕಂಪ್ಯೂಟರ್ ಕೇಳಿದಾಗ ಉತ್ತರ ಕೊಡುವುದು ಈ ಕಂಟ್ರೋಲರ್. ಅದಕ್ಕೆ ಸುಳ್ಳು ಹೇಳಿಕೊಟ್ಟಿದ್ದರೆ ಅದು ಸುಳ್ಳನ್ನೇ ಹೇಳುತ್ತದೆ, ಕಂಪ್ಯೂಟರ್ ನಂಬುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದನ್ನು ಕೆಲವು ಡ್ರೈವುಗಳು ಎಲ್ಲಿಯೂ ಬರೆಯದೆ ಚೆಲ್ಲಿಬಿಡುತ್ತವೆ, ಇನ್ನು ಕೆಲವು ಮೊದಲಿಗೆ ತಿರುಗಿ ಬಂದು ಹಳೆಯದರ ಮೇಲೆಯೇ ಬರೆಯುತ್ತವೆ. ಕಡತಗಳ ಹೆಸರಿನ ಪಟ್ಟಿ ಡ್ರೈವಿನ ಆರಂಭದ ಭಾಗದಲ್ಲಿ, ಅಂದರೆ ನಿಜವಾಗಿ ಇರುವ ಜಾಗದಲ್ಲಿ, ಉಳಿದುಕೊಂಡರೆ ಹೊರನೋಟಕ್ಕೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಹಂಚಿದ ಸಂಸ್ಥೆಯನ್ನು ನಾನು ದೂರುವುದಿಲ್ಲ. ಅವರೂ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಿ ಕೊಂಡವರು.

ಹೀಗಾಗಿ ಈಗ ಯಾವ ಬಿಟ್ಟಿ ಡ್ರೈವೇ ಬರಲಿ, ಅದಕ್ಕೆ ನನ್ನದೇನನ್ನಾದರೂ ಹಾಕುವ ಮೊದಲು ಅಳೆಯುತ್ತೇನೆ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಹಳೆಯ, ಚಿಕ್ಕ, ಉಚಿತ ತಂತ್ರಾಂಶವಿದೆ. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಎಫ್3 ಇದೆ. ಎರಡೂ ಮಾಡುವುದು ಒಂದೇ ಕೆಲಸ: ಖಾಲಿ ಡ್ರೈವನ್ನು ಒಂದೊಂದು ಜಿಬಿಯ ಪರೀಕ್ಷಾ ಕಡತಗಳಿಂದ ತುದಿಯವರೆಗೆ ತುಂಬಿ, ಆಮೇಲೆ ಮೊದಲಿನಿಂದ ಓದಿ, ಬರೆದದ್ದೇ ಮರಳಿ ಬಂತೇ ಎಂದು ತಾಳೆ ನೋಡುವುದು. ಇದಕ್ಕೆ ಸಹನೆ ಬೇಕು. ಸೆಕೆಂಡಿಗೆ 5 ಎಂಬಿ ವೇಗದಲ್ಲಿ ಬರೆಯುವ ಡ್ರೈವಾದರೆ 32 ಜಿಬಿ ತುಂಬುವುದಕ್ಕೇ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ನಾನು ಅದನ್ನು ಓಡಲು ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತೇನೆ. ಒಂದು ಸಂಗತಿಯನ್ನು ಮಾತ್ರ ಮೋಸವೆಂದು ಭಾವಿಸಬಾರದು: 32 ಜಿಬಿಯ ಡ್ರೈವನ್ನು ವಿಂಡೋಸ್ 29.8 ಎಂದು ತೋರಿಸುವುದು ಸಹಜ, ಏಕೆಂದರೆ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಅಳತೆ ಸರಿಯಿದ್ದ ಮಾತ್ರಕ್ಕೆ ಡ್ರೈವು ಬಾಳುತ್ತದೆಂದಲ್ಲ. ಫ್ಲ್ಯಾಶ್ ಚಿಪ್ಪಿನಲ್ಲಿ ಮಾಹಿತಿಯೆಂದರೆ ಪುಟ್ಟ ಕೋಶಗಳಲ್ಲಿ ಕೂಡಿಹಾಕಿದ ವಿದ್ಯುದಂಶ. ಸುತ್ತಲೂ ನಿರೋಧಕ ಪದರವಿದ್ದರೂ ಅದು ಕಾಲಕ್ರಮದಲ್ಲಿ ಸೋರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ ಸೋರುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದು, ಇದ್ದ ಕಾಲದಲ್ಲಿ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕಿತ್ತು. ಮೂರು ಬಿಟ್ ತುಂಬುವ ಟಿಎಲ್‌ಸಿಯಲ್ಲಿ 8 ಮಟ್ಟಗಳು, ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿಯಲ್ಲಿ 16 ಮಟ್ಟಗಳು. ಮಟ್ಟಗಳ ನಡುವಿನ ಅಂತರ ಕಿರಿದಾದಷ್ಟೂ ಸ್ವಲ್ಪ ಸೋರಿಕೆಯೂ ಅಕ್ಷರ ಕೆಡಿಸುತ್ತದೆ. ಅಗ್ಗದ ಡ್ರೈವುಗಳಿಗೆ ಬರುವುದು ಹೆಚ್ಚಾಗಿ ಇಂಥ ಚಿಪ್‌ಗಳೇ. ಆದ್ದರಿಂದ ಖಾನೆಯಲ್ಲಿ ಐದು ವರ್ಷ ಮಲಗಿದ್ದ ಡ್ರೈವು ತೆರೆದುಕೊಳ್ಳದೆ ಹೋದರೆ ನನಗೆ ಆಶ್ಚರ್ಯವಾಗುವುದಿಲ್ಲ, ತೆರೆದುಕೊಂಡರೆ ಸಂತೋಷವಾಗುತ್ತದೆ. ಕಾರ್ಡಿನಂತೆ ತೆಳ್ಳಗಿರುವ ಡ್ರೈವುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಚಿಪ್ಪೂ ಕಂಟ್ರೋಲರೂ ಸಾಮಾನ್ಯವಾಗಿ ಒಂದೇ ಅಚ್ಚಿನೊಳಗೆ ಎರಕಗೊಂಡಿರುತ್ತವೆ. ಮಾಮೂಲಿ ಡ್ರೈವು ಕೆಟ್ಟರೆ ಚಿಪ್ಪನ್ನು ಬಿಚ್ಚಿ ತೆಗೆದು ಓದಬಹುದು, ಇವು ಮುರಿದರೆ ಮಾಹಿತಿ ಹೊರತೆಗೆಯುವವರು ಕೂದಲೆಳೆಯಷ್ಟು ಸಣ್ಣ ತಂತಿಗಳನ್ನು ಬೆಸೆದು ಹೆಣಗಬೇಕಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ನಾವು ಒಳಗೆ ಹಾಕುವುದರ ಬಗ್ಗೆ. ಬರುವಾಗಲೇ ಒಳಗಿರುವುದರ ಬಗ್ಗೆಯೂ ಹೇಳಬೇಕು. 2010ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯಾದ ಆಸ್‌ಸರ್ಟ್ ಸೈಬರ್ ಭದ್ರತಾ ಸಮ್ಮೇಳನದಲ್ಲಿ ಐಬಿಎಂ ಹಂಚಿದ ಉಚಿತ ಡ್ರೈವುಗಳಲ್ಲಿ ದುಷ್ಟ ತಂತ್ರಾಂಶವಿತ್ತು. ಸಂಸ್ಥೆಯೇ ಆಮೇಲೆ ಭಾಗವಹಿಸಿದವರಿಗೆ ಇ-ಮೇಲ್ ಬರೆದು ಅವನ್ನು ಬಳಸಬೇಡಿರೆಂದು ಹೇಳಬೇಕಾಯಿತು. ತೈವಾನಿನ ಪ್ರಕರಣ ಇದಕ್ಕಿಂತ ಸ್ವಾರಸ್ಯಕರವಾದದ್ದು. 2017ರ ಡಿಸೆಂಬರಿನಲ್ಲಿ ಅಲ್ಲಿನ ಮಾಹಿತಿ ಭದ್ರತಾ ಕಾರ್ಯಕ್ರಮವೊಂದರಲ್ಲಿ, ಸೈಬರ್ ಭದ್ರತೆಯ ರಸಪ್ರಶ್ನೆ ಗೆದ್ದವರಿಗೆ ಪೊಲೀಸರ ಅಪರಾಧ ತನಿಖಾ ವಿಭಾಗ 250 ಪೆನ್ ಡ್ರೈವುಗಳನ್ನು ಬಹುಮಾನವಾಗಿ ಕೊಟ್ಟಿತು. ಅವುಗಳಲ್ಲಿ 54 ಡ್ರೈವುಗಳು ಸೋಂಕಿತವಾಗಿದ್ದವು. ಗುತ್ತಿಗೆದಾರರ ಕಡೆಯ ನೌಕರನೊಬ್ಬ ಸೋಂಕು ತಗುಲಿದ್ದ ಕಂಪ್ಯೂಟರಿಗೆ ಅವನ್ನು ಸಿಕ್ಕಿಸಿದ್ದೇ ಕಾರಣ. ಸಿಕ್ಕಿಸಿದ್ದಾದರೂ ಏತಕ್ಕೆಂದರೆ, ಡ್ರೈವುಗಳಲ್ಲಿ ಎಷ್ಟು ಜಾಗವಿದೆಯೆಂದು ಪರೀಕ್ಷಿಸಲಿಕ್ಕೆ. ಮೊಳ ಹಾಕಬೇಕೆಂದು ಇಷ್ಟು ಉದ್ದ ಬರೆದವನು ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ: ಅಳೆಯುವ ಕೋಲೂ ಶುದ್ಧವಾಗಿರಬೇಕು.

ನಾನು ಇಂಥ ಡ್ರೈವನ್ನು ಮೊದಲ ಸಲ ಸಿಕ್ಕಿಸುವುದು ಲಿನಕ್ಸ್ ಹಾಕಿರುವ, ನನ್ನ ಯಾವ ಖಾತೆಯೂ ಇಲ್ಲದ ಒಂದು ಹಳೆಯ ಲ್ಯಾಪ್‌ಟಾಪಿಗೆ. ಒಳಗಿನ ಕೈಪಿಡಿ, ಜಾಹೀರಾತು ಯಾವುದನ್ನೂ ತೆರೆಯದೆ ಡ್ರೈವನ್ನು ಪೂರ್ತಿ ಫಾರ್ಮ್ಯಾಟ್ ಮಾಡುತ್ತೇನೆ. ಕೆಲವು ಪ್ರಚಾರದ ಡ್ರೈವುಗಳಲ್ಲಿ ಸಂಸ್ಥೆಯ ಜಾಹೀರಾತನ್ನು ಸಿ.ಡಿ.ಯಂತೆ ಕಾಣಿಸಿಕೊಳ್ಳುವ, ಅಳಿಸಲಾಗದ ಪ್ರತ್ಯೇಕ ಭಾಗದಲ್ಲಿ ಇಟ್ಟಿರುತ್ತಾರೆ. ಫಾರ್ಮ್ಯಾಟ್ ಮಾಡಿದರೂ ಅದು ಹೋಗುವುದಿಲ್ಲ. ಅಂಥದ್ದನ್ನು ನಾನು ಬಳಸುವುದೇ ಇಲ್ಲ, ಏಕೆಂದರೆ ನನ್ನ ಅಪ್ಪಣೆಗೆ ಬಗ್ಗದ ಮೂಲೆಯಿರುವ ಪೆಟ್ಟಿಗೆಯಲ್ಲಿ ನನ್ನ ವಸ್ತುಗಳನ್ನು ಇಡುವುದು ನನಗೆ ಒಗ್ಗುವುದಿಲ್ಲ. ಭದ್ರತಾ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 2014ರಲ್ಲಿ ತೋರಿಸಿದ ಬ್ಯಾಡ್‌ಯುಎಸ್‌ಬಿ ಇದಕ್ಕಿಂತ ಆಳದ ಸಮಸ್ಯೆ: ಕಂಟ್ರೋಲರಿನ ಒಳಗಿನ ತಂತ್ರಾಂಶವನ್ನೇ ಬದಲಿಸಿದರೆ ಪೆನ್ ಡ್ರೈವು ತಾನೊಂದು ಕೀಲಿಮಣೆಯೆಂದು ಹೇಳಿಕೊಂಡು ಆಜ್ಞೆಗಳನ್ನು ತಾನೇ ಟೈಪಿಸಬಲ್ಲದು. ಫಾರ್ಮ್ಯಾಟ್ ಅದನ್ನು ಮುಟ್ಟುವುದಿಲ್ಲ, ಆ್ಯಂಟಿವೈರಸ್ಸಿಗೆ ಅದು ಕಾಣುವುದಿಲ್ಲ. ಸಾಮಾನ್ಯರ ಕೈಗೆ ಬರುವ ಡ್ರೈವುಗಳಲ್ಲಿ ಇದು ಅಪರೂಪವೆಂದೇ ನನ್ನ ಎಣಿಕೆ; ಆದರೂ ಕಚೇರಿಯ ಕಂಪ್ಯೂಟರಿಗೆ ಬಿಟ್ಟಿ ಡ್ರೈವನ್ನು ನಾನು ಎಂದೂ ಸಿಕ್ಕಿಸುವುದಿಲ್ಲ.

ಇನ್ನು ಕಳೆದುಹೋಗುವ ಮಾತು. ಪೆನ್ ಡ್ರೈವು ಹಾಳಾಗುವುದಕ್ಕಿಂತ ಕಳೆದುಹೋಗುವ ಸಂಭವವೇ ಹೆಚ್ಚು, ಬಿಟ್ಟಿ ಸಿಕ್ಕಿದ್ದರ ಮೇಲೆ ಜೋಪಾನವೂ ಕಡಿಮೆ. ಮುದ್ರಣದ ಅಂಗಡಿಯ ಕಂಪ್ಯೂಟರಿನ ಹಿಂಭಾಗದಲ್ಲಿ ಮರೆತು ಬಂದ ಡ್ರೈವಿನಲ್ಲಿ ಗುರುತಿನ ಚೀಟಿಯ ಪ್ರತಿಯಿದ್ದರೆ ಅದು ಸಿಕ್ಕವನ ಪಾಲು. ಇದಕ್ಕೆ ಉಪಾಯವೆಂದರೆ ಗೂಢಲಿಪೀಕರಣ, ರೂಢಿಯ ಮಾತಿನಲ್ಲಿ ಎನ್‌ಕ್ರಿಪ್ಶನ್. ವಿಂಡೋಸಿನ ಪ್ರೊ ಆವೃತ್ತಿ ಇದ್ದವರು ಡ್ರೈವಿನ ಮೇಲೆ ಬಲಗುಂಡಿ ಒತ್ತಿ, ವಿಂಡೋಸಿನಲ್ಲೇ ಇರುವ ಬಿಟ್‌ಲಾಕರ್ ಎಂಬ ಬೀಗವನ್ನು ಚಾಲನೆಗೊಳಿಸಬಹುದು. ಹಾಗೆ ಬೀಗ ಹಾಕಿದ ಡ್ರೈವನ್ನು ಹೋಮ್ ಆವೃತ್ತಿಯಲ್ಲಿಯೂ ಪಾಸ್‌ವರ್ಡ್ ಕೊಟ್ಟು ತೆರೆಯಲು ಬರುತ್ತದೆ. ಬೀಗ ಹಾಕುವಾಗ ಬಿಟ್‌ಲಾಕರ್ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೊಂದನ್ನು ಕೊಡುತ್ತದೆ, ಅದನ್ನು ಅದೇ ಡ್ರೈವಿನಲ್ಲಿ ಇಡುವುದೆಂದರೆ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಬಳಸಿದ ಜಾಗಕ್ಕಷ್ಟೇ ಬೀಗವೋ ಇಡೀ ಡ್ರೈವಿಗೋ ಎಂದು ಅದು ಕೇಳಿದಾಗ, ಮೊದಲೇ ಏನಾದರೂ ಹಾಕಿ ಅಳಿಸಿದ್ದ ಡ್ರೈವಾದರೆ ಇಡೀ ಡ್ರೈವನ್ನೇ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಅಳಿಸಿದ್ದರ ಪಳೆಯುಳಿಕೆ ಬೀಗದ ಹೊರಗೇ ಉಳಿಯುತ್ತದೆ.

ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಬಳಸುವವರಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಅನುಕೂಲ. ಅದರಲ್ಲಿ ಡ್ರೈವಿನೊಳಗೆ ಒಂದು ದೊಡ್ಡ ಕಡತವನ್ನು ತಿಜೋರಿಯಂತೆ ಮಾಡಿ ಅದರೊಳಗೆ ಎಲ್ಲವನ್ನೂ ಇಡಬಹುದು. ಡ್ರೈವು ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿದ್ದರೆ ಯಾವ ಕಡತವೂ 4 ಜಿಬಿ ಮುಟ್ಟಲಾರದು, ಆದ್ದರಿಂದ ದೊಡ್ಡ ತಿಜೋರಿ ಬೇಕೆಂದರೆ ಮೊದಲು ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಬೇಕು. ಪರರ ಕಂಪ್ಯೂಟರಿನಲ್ಲಿ ಅದನ್ನು ತೆರೆಯಲು ಅಡ್ಮಿನ್ ಅಧಿಕಾರ ಬೇಕಾಗುತ್ತದೆ, ಅದು ಎಲ್ಲ ಕಡೆ ಸಿಗುವುದಿಲ್ಲ. ಒಂದೆರಡು ಕಡತಗಳನ್ನು ಸಾಗಿಸುವುದಷ್ಟೇ ಕೆಲಸವಾದರೆ ಇಷ್ಟೆಲ್ಲ ಏಕೆ, ಕಡತಗಳನ್ನು ಒಟ್ಟುಗೂಡಿಸಿ ಕುಗ್ಗಿಸುವ 7-ಜಿಪ್ ತಂತ್ರಾಂಶದಲ್ಲಿ 7ಝಡ್ ರೂಪದ ಕಡತ ಮಾಡಿ, ಒಳಗಿನ ಹೆಸರುಗಳನ್ನೂ ಮರೆಮಾಡುವ ಆಯ್ಕೆಗೆ ಗುರುತು ಹಾಕಿ, ಉದ್ದನೆಯ ಪಾಸ್‌ವರ್ಡ್ ಇಟ್ಟರೆ ಸಾಕು. ಡ್ರೈವಿನ ಜೊತೆಗೇ ಬರುವ ಪಾಸ್‌ವರ್ಡ್ ತಂತ್ರಾಂಶವನ್ನು ಮಾತ್ರ ನಾನು ನಂಬುವುದಿಲ್ಲ. ಅದು ಕಡತಗಳನ್ನು ನಿಜವಾಗಿ ಗೂಢಲಿಪಿಗೆ ಬದಲಿಸುತ್ತದೆಯೋ ಸುಮ್ಮನೆ ಕಣ್ಣಿಗೆ ಮರೆ ಮಾಡುತ್ತದೆಯೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಇಷ್ಟಾಗಿಯೂ ಗೂಢಲಿಪೀಕರಣವು ಕಳ್ಳನಿಂದ ಕಾಯುತ್ತದೆಯೇ ಹೊರತು ಕೆಡುವ ಚಿಪ್ಪಿನಿಂದಲ್ಲ. ಬೀಗ ಹಾಕಿದ ಡ್ರೈವಿನಲ್ಲಿ ಬೀಗದ ವಿವರಗಳಿರುವ ಶಿರೋಭಾಗ ಕೆಟ್ಟರೆ ಒಂದು ಕಡತವಲ್ಲ, ಎಲ್ಲವೂ ಒಟ್ಟಿಗೇ ಹೋಗಬಹುದು.

ಅಳಿಸುವುದಕ್ಕೂ ಒಂದು ಮಾತು. ಫ್ಯಾಟ್ ವಿಧಾನದ ಡ್ರೈವಿನಲ್ಲಿ ಕಡತವನ್ನು ಅಳಿಸಿದಾಗ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಅದರ ಜಾಗ ಖಾಲಿಯೆಂದು ದಾಖಲಾಗುತ್ತದೆ, ಅಷ್ಟೆ. ಒಡಲು ಇದ್ದಲ್ಲಿಯೇ ಇರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ನಾನೇ ನನ್ನ ಅಳಿಸಿದ ಚಿತ್ರಗಳನ್ನು ಹಲವು ಸಲ ಮರಳಿ ಪಡೆದಿದ್ದೇನೆ, ನನಗೆ ಸಾಧ್ಯವಾದದ್ದು ಮತ್ತೊಬ್ಬರಿಗೂ ಸಾಧ್ಯ. ಮೇಲೆ ಮತ್ತೇನನ್ನೋ ಬರೆದರೂ, ಕೋಶಗಳು ಸಮನಾಗಿ ಸವೆಯಲೆಂದು ಕಂಟ್ರೋಲರ್ ಬರಹವನ್ನು ಬೇರೆ ಜಾಗಕ್ಕೆ ತಿರುಗಿಸಿ, ಹಳೆಯದನ್ನು ಮೂಲೆಯಲ್ಲಿ ಉಳಿಸಿರಬಹುದು. ಹೀಗಾಗಿ ಗುಟ್ಟಿನ ವಸ್ತುವನ್ನು ಹಾಕುವ ಮೊದಲೇ ಬೀಗ ಹಾಕಿರುವುದು ಲೇಸು. ಬಿಸಾಡುವಾಗ ನಾನು ಹೊದಿಕೆ ಬಿಚ್ಚಿ, ಕಪ್ಪು ಚಿಪ್ಪನ್ನೇ ಇಕ್ಕಳದಿಂದ ಎರಡು ತುಂಡು ಮಾಡುತ್ತೇನೆ. ಕಂಪ್ಯೂಟರಿಗೆ ಸಿಕ್ಕಿಸುವ ಲೋಹದ ಮೂತಿಯನ್ನು ಮುರಿದರೆ ಏನೂ ಆದಂತಾಗಲಿಲ್ಲ.

ಈಗ ನನ್ನ ಖಾನೆಯ ಒಂಬತ್ತು ಡ್ರೈವುಗಳಿಗೂ ಲಾಂಛನದ ಮೇಲೆ ಬಿಳಿಯ ಚೀಟಿ ಅಂಟಿಸಿದ್ದೇನೆ. ಅದರಲ್ಲಿರುವುದು ಅಳೆದಾಗ ಸಿಕ್ಕ ಜಾಗ ಮತ್ತು ಅಳೆದ ದಿನಾಂಕ. ಯಾವುದೇ ಕಡತದ ಏಕೈಕ ಪ್ರತಿ ಅವುಗಳಲ್ಲಿಲ್ಲ. ಮೂಲ ಕಂಪ್ಯೂಟರಿನಲ್ಲಿ, ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಮನೆಯ ಹೊರಗೆ. ಡ್ರೈವಿಗೆ ಹೋಗುವುದು ನಾಲ್ಕನೆಯದು, ಹೋದ ಕೂಡಲೇ ಡ್ರೈವಿನಿಂದಲೇ ಒಂದೆರಡನ್ನು ತೆರೆದು ನೋಡಿ, ಹೊರತೆಗೆಯುವ ಆಜ್ಞೆ ಕೊಟ್ಟು, ಮಿಣುಕುದೀಪ ನಿಂತ ಮೇಲೆ ಕೀಳುತ್ತೇನೆ. ನನಗೆ ಮೋಸ ಮಾಡಿದ ಆ ಲೋಹದ ಡ್ರೈವು ಇನ್ನೂ ಇದೆ. ಎಫ್3 ಬಳಸಿ ಅದರ ನಿಜವಾದ ಜಾಗಕ್ಕೆ ಸರಿಯಾಗಿ ವಿಭಾಗ ಮಾಡಿಕೊಂಡಿದ್ದೇನೆ, ಅಚ್ಚಾದ 32ರ ಮೇಲೆ ಅಂಟಿಸಿದ ಚೀಟಿಯಲ್ಲಿ 7 ಎಂದಿದೆ, ಅಡುಗೆಮನೆಯ ಸ್ಪೀಕರಿನ ಹಿಂಬದಿಯಲ್ಲಿ ಕುಳಿತು ಅದು ಹಾಡು ಹೇಳಿಕೊಂಡಿದೆ.