ಬಿ.ಎಚ್. ರಸ್ತೆಯ ಕೊನೆಗೆ ಯಾವ ಬೈಕು?

ತುಮಕೂರಿನಲ್ಲಿ ನಮ್ಮ ಮನೆ ಬಿ.ಎಚ್. ರಸ್ತೆಯಿಂದ ಎರಡೇ ತಿರುವು ಒಳಗೆ. ಬಿ.ಎಚ್. ಅಂದ್ರೆ ಬೆಂಗಳೂರು-ಹೊನ್ನಾವರ. ದಿನಾ ತರಕಾರಿಗೆ, ಆಫೀಸಿಗೆ ಓಡಾಡುವ ಈ ರಸ್ತೆಯನ್ನೇ ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ ಹೋದರೆ ಕೊನೆಗೆ ಸಮುದ್ರ ಸಿಗುತ್ತೆ ಅನ್ನೋದು ನನ್ನನ್ನು ಚಿಕ್ಕಂದಿನಿಂದ ಕಾಡಿದೆ. ಮದುವೆಯಾದ ಹೊಸದರಲ್ಲೇ ಹೆಂಡತಿಗೆ ಮಾತು ಕೊಟ್ಟಿದ್ದೆ, ಒಂದು ದಿನ ಈ ರಸ್ತೆಯನ್ನು ಬೈಕಲ್ಲೇ ಕೊನೆವರೆಗೂ ನೋಡೋಣ ಅಂತ. ಹತ್ತು ವರ್ಷ ಆಯ್ತು. ಹಳೇ ಪಲ್ಸರ್‌ನಲ್ಲಿ ನಮ್ಮಿಬ್ಬರ ಬೆನ್ನಿಗೂ ಅದು ಆಗದ ಮಾತು. ಈ ವರ್ಷ ದುಡ್ಡು ಸ್ವಲ್ಪ ಕೂಡಿತು.

ಕೂಡಿದ್ದು ಹೊಸ ದೊಡ್ಡ ಬೈಕಿಗೆ ಸಾಲಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್ ಆಗಿದೆ, ಮೊದಲು ಸೆಸ್ ಸೇರಿ 31 ಇತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಅಂತ ತೀರ್ಮಾನ ಮಾಡಿದೆ. ಆಫೀಸಿನ ಗೆಳೆಯನೊಬ್ಬ ತನ್ನ ಕವಾಸಕಿ ನಿಂಜಾ 650 ಮಾರುತ್ತಿದ್ದ. ಇನ್ನೊಂದು ಕಡೆ, ಶಿರಾ ಗೇಟ್‌ನಲ್ಲಿರುವ ನನ್ನ ಭಾವನ ಹತ್ತಿರ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಇತ್ತು. ಅವರು ಮಾರುವುದಿಲ್ಲ, ಆದರೆ ಅಂಥದ್ದೇ ಒಂದು ಹುಡುಕಿಕೊಡುತ್ತೇನೆ ಅಂದಿದ್ದರು. "ಸುಮ್ನೆ ಮೊಬೈಲ್‌ನಲ್ಲಿ ನೋಡ್ತಾ ಕೂತ್ಕೋಬೇಡ. ಭಾನುವಾರ ಎರಡನ್ನೂ ಓಡಿಸು, ಅವಳನ್ನೂ ಕೂರಿಸ್ಕೊಂಡು ಓಡಿಸು" ಅಂದರು ಭಾವ.

ನನ್ನ ಮನಸ್ಸು ಆಗಲೇ ನಿಂಜಾ ಕಡೆ ಇತ್ತು, ಸತ್ಯ ಹೇಳಬೇಕು.

ಬೆಳಗ್ಗೆ ಆರಕ್ಕೆ ಭಾವನ ಗಾಡಿ ತೆಗೆದುಕೊಂಡೆವು. 241 ಕೆ.ಜಿ. ಸೈಡ್ ಸ್ಟ್ಯಾಂಡಿನಿಂದ ಎತ್ತುವಾಗಲೇ ತೊಡೆಗೆ ಗೊತ್ತಾಗುತ್ತೆ. ಆದರೆ ಸೀಟು 740 ಮಿ.ಮೀ. ಎತ್ತರ ಅಷ್ಟೇ, ಐದಡಿ ಆರಿಂಚಿನ ನನಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತೆ. ಭಾವನದ್ದು ಸೆಲೆಸ್ಟಿಯಲ್ ಮಾಡೆಲ್, ಮುಂದೆ ದೊಡ್ಡ ಗಾಳಿ ತಡೆ, ಹಿಂದೆ ಅಗಲವಾದ ಸೀಟು, ಒರಗಲು ದಿಂಬು. ಹೆಂಡತಿ ಹತ್ತಿ ಕೂತವಳು ಒಂದೇ ಮಾತು ಹೇಳಿದಳು: "ರೀ, ಇದು ಸೋಫಾ."

ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಕಾಡಿನ ರಸ್ತೆ. ಮೂರನೇ ಗೇರ್‌ಗೆ ಹಾಕಿದರೆ ಸಾಕು, ಗಾಡಿ ದಡದಡ ಅಂತ ತಾನಾಗಿ ಏರುತ್ತೆ. ತಿರುವಿನಲ್ಲಿ ಮಾತ್ರ ಸಮಾಧಾನ ಬೇಕು. ಒಂದು ಹೇರ್‌ಪಿನ್‌ನಲ್ಲಿ ಸ್ವಲ್ಪ ಜಾಸ್ತಿ ವಾಲಿಸಿದೆ, ಫುಟ್‌ರೆಸ್ಟ್ ನೆಲಕ್ಕೆ ಕರ್ರ್ ಅಂತ ಉಜ್ಜಿತು. ಹೆಂಡತಿ ನನ್ನ ಜಾಕೆಟ್ ಹಿಡಿದುಕೊಂಡಳು, ಏನೂ ಹೇಳಲಿಲ್ಲ.

ಮೇಲೆ ಹೋದ ಮೇಲೆ ಒಂದು ತಪ್ಪು ಮಾಡಿದೆ. ಇಳಿಜಾರು ಇದ್ದ ಕಡೆ, ಮುಂದಿನ ಚಕ್ರ ಗೋಡೆ ಕಡೆಗೆ ಮಾಡಿ ನಿಲ್ಲಿಸಿಬಿಟ್ಟೆ. ನರಸಿಂಹಸ್ವಾಮಿ ದರ್ಶನ ಮುಗಿಸಿ ಬಂದು ನೋಡಿದರೆ ಹಿಂದಕ್ಕೆ ಏರಿಗೆ ತಳ್ಳಬೇಕು. ಬೈಕಿಗೆ ರಿವರ್ಸ್ ಗೇರ್ ಇಲ್ಲ. ನಾನು ಹ್ಯಾಂಡಲ್ ಹಿಡಿದು ಕಾಲು ಊರಿ ಒಂದೊಂದು ಗೇಣು ಎಳೆಯೋದು, ಬ್ರೇಕ್ ಹಿಡಿಯೋದು, ಉಸಿರು ತಗೊಳೋದು. ಅವಳು ಮುಂದೆ ನಿಂತು ಲೈಟಿನ ಕೆಳಗೆ ಎರಡೂ ಕೈ ಕೊಟ್ಟು ದೂಡಿದಳು. ಎಂಟು ಅಡಿ ಜಾಗಕ್ಕೆ ಹತ್ತು ನಿಮಿಷ ಹಿಡಿಯಿತು. ಭಾರದ ಬೈಕ್ ತಗೊಳ್ಳುವವರು ಓಡಿಸಿ ನೋಡಿದರಷ್ಟೇ ಸಾಲದು, ಒಮ್ಮೆ ಹಿಂದಕ್ಕೆ ತಳ್ಳಿಯೂ ನೋಡಬೇಕು.

ಇಳಿದು ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಶಿರಾ ಕಡೆ ಹೈವೇ ಹಿಡಿದೆವು. ಸೀಬಿವರೆಗೆ ಹೋಗಿ ಬರೋದು ಅಂತ ಲೆಕ್ಕ, ಒಂದು ಕಡೆಗೆ ಸುಮಾರು 25 ಕಿ.ಮೀ. ನಾಲ್ಕು ಲೇನ್ ಹೈವೇಯಲ್ಲಿ ಬೈಕ್‌ಗೆ ಇರುವ ಮಿತಿ 80. ಆ 80ರಲ್ಲಿ ಈ ಗಾಡಿ ಹೋಗುವ ರೀತಿ ನಿಜಕ್ಕೂ ಚೆಂದ. ಆದರೆ ಸರ್ವಿಸ್ ರಸ್ತೆಗೆ ಇಳಿದು ಎರಡು ಹಂಪ್ ಹಾರಿದ್ದೇ ನನ್ನ ಸೊಂಟದಲ್ಲಿ ಛಳುಕು ಬಂತು. ಭಾವನದ್ದು ಕ್ರೂಸರ್, ಅಂದ್ರೆ ತಗ್ಗು ಸೀಟಿನಲ್ಲಿ ಒರಗಿದಂತೆ ಕೂತು ಓಡಿಸುವ ಬೈಕ್. ಅದರಲ್ಲಿ ಕಾಲು ಮುಂದಕ್ಕೆ ಚಾಚಿರುತ್ತೆ. ಹಂಪ್ ಬಂದಾಗ ಕಾಲೂರಿ ಸೀಟಿನಿಂದ ಒಂದಿಂಚು ಏಳಲು ಆಗಲ್ಲ. ಬಿದ್ದ ಪೆಟ್ಟೆಲ್ಲ ನೇರ ಬೆನ್ನು ಮೂಳೆಗೆ. ನೋಡಲು ಆರಾಮ ಅನ್ನಿಸೋ ಭಂಗಿಯೇ ನೋವು ಕೊಡುತ್ತೆ ಅನ್ನೋದು ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ನಿಂಜಾ. 196 ಕೆ.ಜಿ., ಅಂದ್ರೆ 45 ಕೆ.ಜಿ. ಕಡಿಮೆ. ಪವರ್ 68 ಪಿಎಸ್ (ಪಿಎಸ್ ಅಂದ್ರೆ ಅಶ್ವಶಕ್ತಿಯ ಒಂದು ಅಳತೆ), ಭಾವನ ಗಾಡಿಯದ್ದು 47. ಇದನ್ನು ಸ್ಪೋರ್ಟ್ಸ್ ಬೈಕ್ ಅಂತಲೇ ಮಾರುತ್ತಾರೆ, ಆದರೆ ಹ್ಯಾಂಡಲ್ ಎತ್ತರಕ್ಕಿದೆ, ಬೆನ್ನು ಸ್ವಲ್ಪವೇ ಬಾಗುತ್ತೆ, ದೂರ ಹೋಗುವವರು ಎಷ್ಟೋ ಜನ ಇದನ್ನೇ ಸ್ಪೋರ್ಟ್ ಟೂರರ್ ಆಗಿ, ಅಂದ್ರೆ ವೇಗಕ್ಕೂ ದೂರದ ಪ್ರಯಾಣಕ್ಕೂ ಆಗುವ ಬೈಕ್ ಆಗಿ ಬಳಸುತ್ತಾರೆ. ಪಾದ ಸೊಂಟದ ಕೆಳಗೇ ಇರುತ್ತೆ. ಮೈಯ ಭಾರ ಕಾಲಿಗೆ, ಸೀಟಿಗೆ, ಒಂಚೂರು ಅಂಗೈಗೆ ಹಂಚಿಹೋಗುತ್ತೆ. ಬೆಳಗ್ಗೆ ಸೊಂಟ ಹಿಡಿಸಿದ ಅದೇ ಹಂಪ್‌ಗಳ ಮೇಲೆ ಮಂಡಿ ಬಿಗಿದು ಸ್ವಲ್ಪ ಎದ್ದೆ, ಏನೂ ಆಗಲಿಲ್ಲ. ಅದೇ ಹೇರ್‌ಪಿನ್‌ಗಳಲ್ಲಿ ಎರಡನೇ ಗೇರ್‌ಗೆ ಇಳಿಸಿ ತಿರುವಿನ ಕೊನೆ ನೋಡಿದರೆ ಸಾಕು, ಗಾಡಿ ಅಲ್ಲೇ ಇರುತ್ತಿತ್ತು. ಆ ಏಳೆಂಟು ನಿಮಿಷ ನನಗೆ ಇಪ್ಪತ್ತು ವರ್ಷ ಕಮ್ಮಿಯಾದ ಹಾಗೆ ಆಯ್ತು. ಇದೇ ನನ್ನ ಗಾಡಿ ಅಂದುಕೊಂಡೆ.

ತಿರುಗಿ ನೋಡಿದರೆ ಹೆಂಡತಿಯ ಮುಖ ಬೇರೆ ಹೇಳುತ್ತಿತ್ತು. ಹಿಂದಿನ ಸೀಟು ಎತ್ತರದಲ್ಲಿ, ಅಂಗೈ ಅಗಲ. ಮಂಡಿ ಮಡಚಿಕೊಂಡು ಕೂರಬೇಕು, ಒರಗಲು ಏನೂ ಇಲ್ಲ, ಬ್ರೇಕ್ ಹಿಡಿದಾಗಲೆಲ್ಲ ನನ್ನ ಮೇಲೆ ಜಾರಿ ಬರುತ್ತಿದ್ದಳು. ಸೀಬಿ ದೇವಸ್ಥಾನದ ಮುಂದೆ ಇಳಿದು ಎರಡು ನಿಮಿಷ ಮಂಡಿ ನೀವಿಕೊಂಡಳು. "ನಿಮಗೆ ಇಷ್ಟ ಆಗಿದೆ ಅಲ್ವಾ, ಗೊತ್ತಾಗುತ್ತೆ. ತಗೊಳ್ಳಿ. ಆದ್ರೆ ಹೊನ್ನಾವರಕ್ಕೆ ನಾನು ಬಸ್ಸಲ್ಲಿ ಬರ್ತೀನಿ" ಅಂದಳು. ಕೋಪ ಇರಲಿಲ್ಲ ಅವಳ ದನಿಯಲ್ಲಿ. ಅದಕ್ಕೇ ನನಗೆ ಜಾಸ್ತಿ ತಾಗಿತು.

ದೇವಸ್ಥಾನದೊಳಗೆ ಹೋಗಿ ಸೂರಿನ ಮೇಲಿನ ಹಳೇ ಚಿತ್ರಗಳನ್ನು ನೋಡುತ್ತಾ ತುಂಬಾ ಹೊತ್ತು ನಿಂತೆವು. ನನ್ನ ತಲೆಯಲ್ಲಿ ಬೇರೆ ಓಡುತ್ತಿತ್ತು. ಕವಾಸಕಿಯವರು ಇದೇ 649 ಸಿಸಿ ಇಂಜಿನನ್ನು ವಲ್ಕನ್ ಎಸ್ ಅನ್ನೋ ಕ್ರೂಸರ್‌ಗೂ ಹಾಕಿದ್ದಾರೆ. ಪವರ್ ಸ್ವಲ್ಪ ಇಳಿಸಿ, ಸೀಟನ್ನು 705 ಮಿ.ಮೀ.ಗೆ ತಗ್ಗಿಸಿ, ಕಾಲು ಮುಂದೆ ಚಾಚಿಸಿದ್ದಾರೆ. ಇಂಜಿನ್ ಒಂದೇ, ಕೂರುವ ರೀತಿ ಬೇರೆ. ನಾನು ತಿಂಗಳುಗಟ್ಟಲೆ ಪಿಎಸ್, ಸಿಸಿ ಓದಿದ್ದೆ. ಇಬ್ಬರು ಎಂಟು ಗಂಟೆ ಹೇಗೆ ಕೂರುತ್ತೇವೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಸಂಜೆ ಭಾವನಿಗೆ ಬೆನ್ನಿನ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಿಂದಿನ ಶಾಕ್ ಅಬ್ಸಾರ್ಬರ್ ಟೈಟ್ ಮಾಡಿಸಿದ್ಯಾ?" ಇಲ್ಲ. ಭಾವ ಯಾವಾಗಲೂ ಒಬ್ಬರೇ ಓಡಿಸುತ್ತಾರೆ, ಸ್ಪ್ರಿಂಗ್ ಒಬ್ಬರ ಭಾರಕ್ಕೆ ಸೆಟ್ ಆಗಿತ್ತು. ಆ ಬೈಕಿನ ಹಿಂದಿನ ಶಾಕ್ ಚಲಿಸುವುದೇ 101 ಮಿ.ಮೀ., ನಾಲ್ಕು ಇಂಚು. ನಾವಿಬ್ಬರು ಕೂತ ತಕ್ಷಣವೇ ಅದರಲ್ಲಿ ಒಂದಷ್ಟು ಮುಗಿದುಹೋಗುತ್ತೆ, ಹಂಪ್‌ಗೆ ಅಂತ ಉಳಿಯೋದು ಸ್ವಲ್ಪ. ಪಕ್ಕದ ಗ್ಯಾರೇಜಿನ ಹುಡುಗ ಕೊಕ್ಕೆ ಸ್ಪ್ಯಾನರ್ ತಂದು ಸ್ಪ್ರಿಂಗಿನ ಕಾಲರಿಗೆ ಸಿಕ್ಕಿಸಿ, ಎರಡೂ ಬದಿ ಸಮನಾಗಿ ಎರಡೆರಡು ಮೆಟ್ಟಿಲು ತಿರುಗಿಸಿದ. ಪ್ರತಿ ಸಲ ಟಕ್ ಅಂತ ಸದ್ದು. ಐದು ನಿಮಿಷದ ಕೆಲಸ.

ಕತ್ತಲಾಗುವ ಮೊದಲು ಗುಬ್ಬಿ ಕಡೆಗೆ ಒಂದು ಸುತ್ತು ಹೋದೆವು. ಛಳುಕು ಪೂರ್ತಿ ಹೋಗಲಿಲ್ಲ, ನಿಂಜಾದಷ್ಟು ಸಲೀಸಂತೂ ಖಂಡಿತ ಅಲ್ಲ. ಆದರೆ ಬೆಳಗ್ಗೆ ಬೆನ್ನಿಗೆ ಗುದ್ದಿದ ಹಾಗೆ ಆಗುತ್ತಿದ್ದದ್ದು ಈಗ ತಳ್ಳಿದ ಹಾಗೆ ಆಗುತ್ತಿತ್ತು. ಹಂಪ್ ಕಂಡ ಕೂಡಲೇ ಪೂರ್ತಿ ನಿಧಾನ ಮಾಡಿದರೆ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದರೆ ನನ್ನ ಸೊಂಟ ತಡೆಯುತ್ತೆ. ಅವಳ ಮಂಡಿಗೆ ನಿಂಜಾದಲ್ಲಿ ಅಂಥ ದಾರಿ ಯಾವುದೂ ಇರಲಿಲ್ಲ. ಸರ್ವಿಸ್ ವಿಷಯವೂ ಇತ್ತು. ಎನ್‌ಫೀಲ್ಡ್‌ಗೆ ಊರಲ್ಲೇ ಆಗುತ್ತೆ, ಕವಾಸಕಿಗೆ ಬೆಂಗಳೂರಿಗೆ ಹೋಗಬೇಕು. ಆದರೆ ನಾನು ತೀರ್ಮಾನ ಮಾಡಿದ್ದು ಅದಕ್ಕಲ್ಲ.

ಸೋಮವಾರ ಗೆಳೆಯನಿಗೆ ಕೀ ವಾಪಸ್ ಕೊಟ್ಟೆ. ನಿಜವಾಗಿಯೂ ಬೇಜಾರಾಯ್ತು. ಒಬ್ಬನೇ ಓಡಿಸುವವನಾಗಿದ್ದರೆ ಎರಡನೇ ಯೋಚನೆ ಇಲ್ಲದೆ ಅದನ್ನೇ ತಗೊಳ್ಳುತ್ತಿದ್ದೆ, ಒಬ್ಬರೇ ಓಡಾಡುವ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಭಾವ ಮೂರು ವಾರದಲ್ಲಿ ಒಂದು ಸೂಪರ್ ಮೀಟಿಯರ್ ಹುಡುಕಿದರು. ಅಗಲ ಸೀಟು, ಒರಗುವ ದಿಂಬು ಎರಡೂ ಇದೆ. ಆರ್‌ಸಿ ನನ್ನ ಹೆಸರಿಗೆ ಆಗಬೇಕು ಅಷ್ಟೇ. ನಿನ್ನೆ ರಾತ್ರಿ ಊಟ ಆದ ಮೇಲೆ ಅವಳು ಕ್ಯಾಲೆಂಡರಿನ ಹಿಂದೆ ಪೆನ್ನಲ್ಲಿ ಬರೆಯುತ್ತಿದ್ದಳು. ತಿಪಟೂರಲ್ಲಿ ಕಾಫಿ, ಕಡೂರಲ್ಲಿ ತಿಂಡಿ, ಶಿವಮೊಗ್ಗದಲ್ಲಿ ಊಟ, ರಾತ್ರಿ ಸಾಗರದಲ್ಲಿ ಅವಳ ಚಿಕ್ಕಮ್ಮನ ಮನೆ. ಜೋಗದಲ್ಲಿ ನೀರು ಇಳಿಯುವುದರೊಳಗೆ ಹೋಗಬೇಕಂತೆ.