ಸೂಪರಿಂಟೆಂಡೆಂಟ್ ಮೌಲ್ಯಮಾಪನ: ಊರವರನ್ನೂ ಕೇಳಿ

ಅಮೆರಿಕದ ಶಾಲಾ ಮಂಡಳಿಗಳು ಸೂಪರಿಂಟೆಂಡೆಂಟರ (ಊರಿನ ಸರ್ಕಾರಿ ಶಾಲೆಗಳ ಆಡಳಿತ ಮುಖ್ಯಸ್ಥರ) ಕೆಲಸ ಅಳೆಯುವಾಗ ಊರವರನ್ನು ಕೇಳಲೇಬೇಕು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ಮೌಲ್ಯಮಾಪನಕ್ಕಿರುವ 4 ಮಾನದಂಡಗಳಲ್ಲಿ ಕುಟುಂಬ ಮತ್ತು ಸಮುದಾಯದ ಒಡನಾಟವೂ ಒಂದು. ಅದಕ್ಕೆ ಮಂಡಳಿಯವರು ತಾವೇ ಊಹಿಸಿ ರೇಟಿಂಗ್ ಕೊಡುವುದು ಹೇಗೆ?

ಆದರೆ ವರ್ಷದ ಕೊನೆಗೆ ದಿಢೀರ್ ಸರ್ವೆ ಕಳಿಸಿದರೆ ಹೆಚ್ಚಾಗಿ ಉತ್ತರಿಸುವವರು ಸಿಟ್ಟಾದವರೇ. ಬಸ್ ತಡವಾದದ್ದು, ಯಾವ ಬಡಾವಣೆಗೆ ಯಾವ ಶಾಲೆ ಎಂಬ ಗಡಿ ಬದಲಾದದ್ದು ಎಲ್ಲವೂ ಸೂಪರಿಂಟೆಂಡೆಂಟರೊಬ್ಬರ ತಲೆಗೆ. ಹಾಗಾಗಿ ವರ್ಷದ ಗುರಿ ಗೊತ್ತುಮಾಡುವಾಗಲೇ ಸರ್ವೆಯ ಪ್ರಶ್ನೆಗಳನ್ನೂ ಮಂಡಳಿ ಮತ್ತು ಸೂಪರಿಂಟೆಂಡೆಂಟ್ ಒಪ್ಪಿಕೊಳ್ಳಬೇಕು. 'ಕೆಲಸ ಹೇಗಿದೆ?' ಅನ್ನೋದು ಬೇಡ. 'ಬಜೆಟ್ ಕಡಿತದ ಕಾರಣ ನಿಮಗೆ ಮೊದಲೇ ತಿಳಿಯಿತೇ?' ಎಂಬಂಥ, ಪೋಷಕರು ನೇರ ಕಂಡದ್ದನ್ನೇ ಕೇಳಿ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರಿಗೆ ಸರ್ವೆ ಸ್ಪ್ಯಾನಿಷ್‌ನಲ್ಲೇ ಹೋಗಲಿ. ಉತ್ತರಗಳು ಸಾಕ್ಷ್ಯದ ಒಂದು ಭಾಗ, ರೇಟಿಂಗ್ ಮಂಡಳಿಯ ಹೊಣೆ. ಇನ್ನೊಂದು, ಶಾಲೆವಾರು ಬಿಡಿಸಿ ನೋಡದಿದ್ದರೆ ದೊಡ್ಡ ಶಾಲೆಯ ದನಿಯಷ್ಟೇ ಕೇಳುತ್ತದೆ.